ಗಾಂಧಿ ಬಜಾರಿನಲ್ಲಿ ಸಿಕ್ಕ ಹೆರಾತ್ ಕೇಸರಿ

ಮೊಮ್ಮಗಳ ನಾಮಕರಣದ ಪಾಯಸಕ್ಕೆ ಕೇಸರಿ ಬೇಕಿತ್ತು. ಶಿವಮೊಗ್ಗ ಗಾಂಧಿ ಬಜಾರಿನ ಡ್ರೈಫ್ರೂಟ್ಸ್ ಅಂಗಡಿಯೊಂದರಲ್ಲಿ ಒಂದು ಗ್ರಾಮಿನ ಡಬ್ಬಿ, 320 ರೂಪಾಯಿ. ಮೇಲೆ ‘ಹೆರಾತ್, ಅಫ್ಘಾನಿಸ್ತಾನ’ ಅಂತಿತ್ತು. ಬಿಸಿ ಹಾಲಿಗೆ ನಾಲ್ಕು ಎಳೆ ಹಾಕಿ ಬಿಟ್ಟೆ. ಬಣ್ಣ ನಿಧಾನಕ್ಕೆ ಬಿಡ್ತು, ಎಳೆ ಕೆಂಪಾಗೇ ಉಳೀತು. ಅಸಲಿ ಮಾಲು. ಘಮ ಜಗುಲಿವರೆಗೂ ಬಂತು.

ಒಂದು ಗ್ರಾಮಿಗೆ ಸುಮಾರು 150 ಹೂವು ಬೇಕಂತೆ. ಅಲ್ಲಿ ಹೂ ಕಿತ್ತು ಎಳೆ ಬಿಡಿಸೋರು ಹೆಚ್ಚಾಗಿ ಹೆಂಗಸರೇ, ನಮ್ಮಲ್ಲಿ ಅಡಿಕೆ ಸುಲಿಯೋಕೆ ಮೆಟ್ಟುಗತ್ತಿ ಮುಂದೆ ಕೂರೋ ಹೊತ್ತಿಗೇ. ನಮ್ಮನೆಗೆ ಸುಲಿಯೋಕೆ ಬರೋ ಹೆಂಗಸಿನ ಮಗಳು ಈ ವರ್ಷ ಪಿಯುಸಿ. ಅಲ್ಲಿ 2021ರಲ್ಲಿ ತಾಲಿಬಾನ್ ವಾಪಸ್ ಬಂದಮೇಲೆ ಹುಡುಗಿಯರಿಗೆ ಆರನೇ ಕ್ಲಾಸಿಗೇ ಶಾಲೆ ಮುಗೀತು. 2022ರ ಡಿಸೆಂಬರಿನಲ್ಲಿ ಯೂನಿವರ್ಸಿಟಿ ಬಾಗಿಲೂ ಮುಚ್ಚಿತು. ಮೂವತ್ನಾಲ್ಕು ವರ್ಷ ಹೈಸ್ಕೂಲಿನಲ್ಲಿ ಗಣಿತ ಹೇಳಿದವಳು ನಾನು. ಡಬ್ಬಿ ಹಿಡ್ಕೊಂಡು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ, ಹಾಲು ಉಕ್ಕಿತು.

ಮುಚ್ಚಳ ಸಡಿಲ, ನಮ್ಮ ಮಳೆಗಾಲದ ಶೀತಕ್ಕೆ ಬೇರೆ ಗಾಜಿನ ಶೀಸೆ ಬೇಕೇ ಬೇಕು. ಜೊತೆಗೆ ತಂದ ಅಂಜೂರದ ಸರದಲ್ಲಿ ನಾಲ್ಕರಲ್ಲಿ ಹುಳ! ಹೇಳಿದ್ದಕ್ಕೆ ಬದಲಾಯಿಸಿ ಕೊಟ್ರು. ಕೇಸರಿ ಧಾರಾಳವಾಗಿ ತಗೊಳ್ಳಿ, ಅಂಜೂರ ಮಾತ್ರ ಅಂಗಡೀಲೇ ಒಂದೆರಡು ಬಿಡಿಸಿ ನೋಡಿ.