ದಪ್ಪ ಸರಿಯಿದೆ, ಸೀಲಿಂಗ್ ಸಾಲದು: ವಸಂತನರಸಾಪುರದ ಅಲ್ಯೂಮಿನಿಯಂ ಸೆಕ್ಷನ್
ದಪ್ಪ ಅಳೆಯುವ ಮೀಟರ್ ಇಟ್ಟ ಕಡೆಯೆಲ್ಲ ಅನೋಡೈಸಿಂಗ್ ಪದರ (ಆಸಿಡ್ ತೊಟ್ಟಿಯಲ್ಲಿ ಕರೆಂಟ್ ಹಾಯಿಸಿ ಅಲ್ಯೂಮಿನಿಯಂ ಮೇಲೆ ಬೆಳೆಸುವ ಆಕ್ಸೈಡ್) 15 ಮೈಕ್ರಾನ್ (ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದ ಒಂದು ಭಾಗ) ದಾಟಿತ್ತು. ಬಣ್ಣದ ಹನಿ ಹಾಕಿ ಒರೆಸಿದರೆ ಕಲೆ ಹೋಗಲಿಲ್ಲ, ಅಂದರೆ ಪದರದ ಸೂಕ್ಷ್ಮ ರಂಧ್ರ ಮುಚ್ಚುವ ಸೀಲಿಂಗ್ ಸರಿಯಾಗಿಲ್ಲ. ತುಮಕೂರಿನ ವಸಂತನರಸಾಪುರ ಕೈಗಾರಿಕಾ ಪ್ರದೇಶದ ಈ ಘಟಕಕ್ಕೆ ಕೊಟ್ಟಿದ್ದ ಆರ್ಡರ್: ಮಷೀನ್ ಫ್ರೇಮಿಗೆ 40×40 ಮಿ.ಮೀ. ಟಿ-ಸ್ಲಾಟ್ ಸೆಕ್ಷನ್ (ನಟ್ ಕೂರಲು ಉದ್ದಕ್ಕೂ ಟಿ ಆಕಾರದ ಸೀಳಿರುವ ಕಂಬಿ), 6063 ಮಿಶ್ರಲೋಹ, ಟಿ6 ಗಟ್ಟಿತನ, 6 ಮೀಟರ್ ಉದ್ದ, ಭಾರತೀಯ ಮಾನಕ ಐಎಸ್ 1868ರ ಎಸಿ 15 (15 ಮೈಕ್ರಾನ್) ದರ್ಜೆಯ ಅನೋಡೈಸಿಂಗ್.

ಬಿಸಿ ಲೋಹವನ್ನು ಅಚ್ಚಿನ (ಡೈ) ಮೂಲಕ ತಳ್ಳಿ ಸೆಕ್ಷನ್ ತೆಗೆಯುವ ಪ್ರೆಸ್ಸಿನ ಕೆಲಸದಲ್ಲಿ ತಪ್ಪು ಹುಡುಕುವುದು ಕಷ್ಟ. ಬಿಲೆಟ್ (ಅಲ್ಯೂಮಿನಿಯಂ ದಿಮ್ಮಿ) 450–480 ಡಿಗ್ರಿಗೆ ಕಾಯುತ್ತದೆ. ಡೈ ಕೂಡ ಅದರ ಆಸುಪಾಸಿಗೆ ಕಾಯದೆ ಪ್ರೆಸ್ ಏರುವುದಿಲ್ಲ. ತಣ್ಣಗಿನ ಡೈಗೆ ಬಿಲೆಟ್ ತಳ್ಳಿದರೆ ಸ್ಲಾಟಿನ ನಾಲಗೆಯೇ ಮುರಿದೀತು. ಹೊರಬರುವ ಸೆಕ್ಷನ್ 500 ಡಿಗ್ರಿಗಿಂತ ಮೇಲಿದ್ದರೆ ಮೆಗ್ನೀಸಿಯಂ, ಸಿಲಿಕಾನ್ ಲೋಹದೊಳಗೆ ಕರಗಿರುತ್ತವೆ. ಕೂಡಲೇ ಫ್ಯಾನ್ ಗಾಳಿಯಲ್ಲಿ ತಣಿಸಿ, ಏಜಿಂಗ್ ಓವನ್ನಿನಲ್ಲಿ 175 ಡಿಗ್ರಿಗೆ 8 ಗಂಟೆ ಇಟ್ಟರೆ ಗಟ್ಟಿತನ ಬರುತ್ತದೆ. ಫ್ಯಾನ್ ಕೆಟ್ಟ ಪಾಳಿಯ ಮಾಲನ್ನು ಓವನ್ನಿನಲ್ಲಿ ಎಷ್ಟು ಹೊತ್ತು ಇಟ್ಟರೂ ಮೆತ್ತಗೇ ಉಳಿಯುತ್ತದೆ. ಅದಕ್ಕೇ ಗಟ್ಟಿತನ ಅಳೆಯುವ ವೆಬ್‌ಸ್ಟರ್ ಗೇಜ್ ಒತ್ತಿ ನೋಡಬೇಕು. ಇಲ್ಲಿ ಪ್ರತಿ ಕಟ್ಟಿಗೂ ನೋಡುತ್ತಾರೆ, ಮೆಚ್ಚಬೇಕಾದ್ದು. ಸೆಕ್ಷನ್ ನೇರವಾಗಲು ಎಳೆಯುವ ಸ್ಟ್ರೆಚಿಂಗೂ ಹದವಾಗಿದೆ. ಅತಿಯಾಗಿ ಎಳೆದಿದ್ದರೆ ಮೈ ಕಿತ್ತಳೆ ಸಿಪ್ಪೆಯಂತಾಗಿ, ಸ್ಲಾಟ್ ಕಿರಿದಾಗಿ ಟಿ-ನಟ್ ಸಿಕ್ಕಿಕೊಳ್ಳುತ್ತಿತ್ತು.

ಆಸಿಡ್ ತೊಟ್ಟಿಯ ತನಕ ಅನೋಡೈಸಿಂಗೂ ಚೆನ್ನಾಗಿದೆ. ಲೀಟರಿಗೆ 180 ಗ್ರಾಂ ಸಲ್ಫ್ಯೂರಿಕ್ ಆಸಿಡ್, 18–20 ಡಿಗ್ರಿ, ಚದರ ಡೆಸಿಮೀಟರಿಗೆ 1.5 ಆಂಪಿಯರ್. ಈ ಲೆಕ್ಕದಲ್ಲಿ ನಿಮಿಷಕ್ಕೆ 0.45 ಮೈಕ್ರಾನ್ ಬೆಳೆಯುತ್ತದೆ, 15 ಮೈಕ್ರಾನಿಗೆ ಸುಮಾರು 34 ನಿಮಿಷ. ಬೇಸಿಗೆಯಲ್ಲಿ ತೊಟ್ಟಿ ತಂಪಾಗಿಡುವ ಚಿಲ್ಲರ್ ಸೋತು ತೊಟ್ಟಿ 25 ಡಿಗ್ರಿ ದಾಟಿದರೆ ಪದರ ಪುಡಿಪುಡಿಯಾಗುತ್ತದೆ. ಈ ಮಾಲಿನಲ್ಲಿ ಅದು ಕಾಣಲಿಲ್ಲ.

ಕೆಟ್ಟಿರುವುದು ಕೊನೆಯ ತೊಟ್ಟಿ. ಹೊಸ ಪದರದ ತುಂಬ ಕಣ್ಣಿಗೆ ಕಾಣದ ರಂಧ್ರಗಳು. 96 ಡಿಗ್ರಿಗಿಂತ ಬಿಸಿಯ ಶುದ್ಧ ನೀರಿನಲ್ಲಿ ಮೈಕ್ರಾನಿಗೆ 3 ನಿಮಿಷದಂತೆ 45 ನಿಮಿಷ ಅದ್ದಿದಾಗ ಅವು ಮುಚ್ಚಿಕೊಳ್ಳುತ್ತವೆ. ಇದಕ್ಕೆ ಡಿಎಂ (ಲವಣಗಳನ್ನು ತೆಗೆದ) ನೀರೇ ಆಗಬೇಕು. ತೊಟ್ಟಿ ತುಂಬುವಾಗ ಇಲ್ಲಿ ಡಿಎಂ ನೀರನ್ನೇ ಹಾಕುತ್ತಾರೆ, ಆದರೆ ಆವಿಯಾಗಿ ಕಡಿಮೆಯಾದಷ್ಟನ್ನು ಸಾಫ್ಟ್‌ನರ್ ದಾಟಿದ ಬೋರ್‌ವೆಲ್ ನೀರಿನಿಂದ ಸರಿದೂಗಿಸುತ್ತಾರೆ. ಸಾಫ್ಟ್‌ನರ್ ಕ್ಯಾಲ್ಸಿಯಂ ತೆಗೆಯುತ್ತದೆಯೇ ಹೊರತು ಸಿಲಿಕಾ, ಫ್ಲೋರೈಡ್ ತೆಗೆಯುವುದಿಲ್ಲ. ರಂಧ್ರ ಮುಚ್ಚುವುದನ್ನು ತಡೆಯುವುದು ಇವೇ. ಕುದಿಯುವ ತೊಟ್ಟಿಯಿಂದ ನೀರು ಆವಿಯಾಗುತ್ತದೆ, ಲವಣ ತೊಟ್ಟಿಯಲ್ಲೇ ಉಳಿಯುತ್ತದೆ, ದಿನದಿನಕ್ಕೆ ಸಾಂದ್ರವಾಗುತ್ತದೆ. ಪಾವಗಡ, ಶಿರಾ ಕಡೆಯ ಅಂತರ್ಜಲದ ಫ್ಲೋರೈಡ್ ಬಗ್ಗೆ ಗೊತ್ತಿರುವ ಈ ಜಿಲ್ಲೆಯಲ್ಲಿ ಇಂಥ ಅಜಾಗರೂಕತೆ ಬೇಸರ ತರಿಸುತ್ತದೆ. ಸೀಲ್ ಆಗದ ಸೆಕ್ಷನ್ ಕಾರ್ಖಾನೆಯ ಎಣ್ಣೆ, ಕೂಲೆಂಟ್ ಹೀರಿ ಕೆಲವೇ ತಿಂಗಳಲ್ಲಿ ಮಂಕಾಗುತ್ತದೆ.

ಇವರಿಗೆ ಆರ್ಡರ್ ಕೊಡಬಹುದು, ಪ್ರೆಸ್ಸಿನ ಕೆಲಸಕ್ಕಾದರೂ. ಆದರೆ ಪರ್ಚೇಸ್ ಆರ್ಡರಿನಲ್ಲಿ ಸೀಲಿಂಗ್ ಪರೀಕ್ಷೆಯ ವರದಿಯನ್ನೂ ಕೇಳಿ. ದಪ್ಪದ ವರದಿಯೊಂದೇ ಸಾಲದು. ತೊಟ್ಟಿಯಲ್ಲಿ ಸೆಕ್ಷನ್ ತೂಗುಹಾಕುವ ಜಿಗ್ ಹಿಡಿದ ಜಾಗದಲ್ಲಿ ಪದರ ಬರುವುದಿಲ್ಲ, ಅದು ಎರಡು ತುದಿಯ 50 ಮಿ.ಮೀ. ಒಳಗೇ ಇರಲಿ ಎಂದು ಬರೆಯಿರಿ, ಕತ್ತರಿಸುವಾಗ ಹೋಗುತ್ತದೆ. ಸೆಕ್ಷನ್ನಿನ ನಡುವಿನ ತೂತಿಗೆ ಎಂ8 ಟ್ಯಾಪಿಂಗ್ (8 ಮಿ.ಮೀ. ಬೋಲ್ಟಿನ ಥ್ರೆಡ್ ಕೊರೆಯುವುದು) ಅನೋಡೈಸಿಂಗ್ ಆದ ಮೇಲೆ ಮಾಡಿಕೊಳ್ಳಿ. ಈ ಪದರದಲ್ಲಿ ಕರೆಂಟ್ ಹರಿಯುವುದಿಲ್ಲ. ಫ್ರೇಮಿಗೆ ಅರ್ಥಿಂಗ್ ಕೊಡುವ ಕಡೆ ಕೆರೆದು ಲೋಹ ಕಾಣಿಸಿದ ಮೇಲೆಯೇ ಲಗ್ (ತಂತಿಯ ತುದಿಯ ಲೋಹದ ಬಿಲ್ಲೆ) ಬಿಗಿಯಬೇಕು.