ಮೂರು ದಿನದ ಇಂಟರ್‌ವ್ಯೂ ಕ್ಲಾಸ್: ವಿಡಿಯೋಗೆ ಪೂರ್ತಿ ಮಾರ್ಕು, ನೋಟ್ಸಿಗೆ ಇಲ್ಲ

ಕನ್ನಡ ಮಾಧ್ಯಮದ ಎಲ್‌ಪಿ (ಕಿರಿಯ ಪ್ರಾಥಮಿಕ) ಟೀಚರ್ ಇಂಟರ್‌ವ್ಯೂಗೆ ಅಂತ ಕಾಸರಗೋಡಿನ ಒಂದು ಕೋಚಿಂಗ್ ಸೆಂಟರಿನಲ್ಲಿ ಮೂರು ದಿನ ಕೂತೆ. ಫೀಸು 900 ರೂಪಾಯಿ. ಬದಿಯಡ್ಕದಿಂದ ಬಸ್ಸಿನ ಖರ್ಚು ಬೇರೆ.

ಮೊದಲ ದಿನ ಸುಮ್ನೆ ಹೋಯಿತು. ಕೊಟ್ಟ ನೋಟ್ಸೆಲ್ಲ ಮಲಯಾಳದಲ್ಲಿ. ನನಗೆ ಮಲಯಾಳ ಮಾತಾಡಲಿಕ್ಕೆ ಬರುತ್ತದೆ, ಓದುವಾಗ ತಡವರಿಸುತ್ತೇನೆ. ಕನ್ನಡದ ಹುದ್ದೆಗೆ ಕನ್ನಡ ನೋಟ್ಸ್ ಕೇಳಿದರೆ ತಪ್ಪಾ, ಮಾರಾಯ್ರೆ?

ಎರಡನೇ ದಿನದ ಅಣಕು ಇಂಟರ್‌ವ್ಯೂ ಮಾತ್ರ ಚಿನ್ನ. ಮೇಜಿನ ಆಚೆ ಮೂರು ಜನ. ಕಾಸರಗೋಡು ಜಿಲ್ಲೆ ಆದದ್ದು ಯಾವಾಗ? 1984ರ ಮೇ 24, ಥಟ್ಟನೆ ಹೇಳಿದೆ. ಮಂಜೇಶ್ವರ ಗೋವಿಂದ ಪೈಗಳಿಗೆ ರಾಷ್ಟ್ರಕವಿ ಬಿರುದು ಕೊಟ್ಟವರು ಯಾರು? ಬಾಯಿ ಕಟ್ಟಿತು. 1949ರಲ್ಲಿ ಮದ್ರಾಸ್ ಸರ್ಕಾರ ಅಂತ ಹೊರಗೆ ಬಂದ ಮೇಲೆ ನೆನಪಾಯಿತು, ಎಂತ ಪ್ರಯೋಜನ?

ಆಮೇಲೆ 42ರಿಂದ 17 ಕಳೆಯುವುದನ್ನು ಎರಡನೇ ಕ್ಲಾಸಿನ ಮಕ್ಕಳಿಗೆ ಕಲಿಸಿ ತೋರಿಸಲು ಹೇಳಿದರು. ನಾನು ಬೋರ್ಡಿನ ಕಡೆ ತಿರುಗಿದವಳು ತಿರುಗಿಯೇ ಇದ್ದೆ. ಮೊಬೈಲಿನಲ್ಲಿ ವಿಡಿಯೋ ಹಾಕಿ ತೋರಿಸಿದಾಗ ನಾಚಿಕೆಯಾಯಿತು. ಪೂರ್ತಿ ನನ್ನ ಬೆನ್ನೇ! ಎಡಗೈ ಸೆರಗಿನ ತುದಿಯನ್ನು ಸುತ್ತುತ್ತಲೇ ಇತ್ತು. "ಟೀಚರೇ, ಹುಣಸೆ ಬೀಜ ತನ್ನಿ, ಹತ್ತರ ಗುಂಪು ಬಿಡಿಸಿ ತೋರಿಸಿ" ಅಂದರು. ಮರುದಿನ ಹಾಗೆಯೇ ಮಾಡಿದೆ. ಸಲೀಸಾಯಿತು.

ಹೋಗುವವರು ಎರಡನೇ ದಿನ ತಪ್ಪಿಸಬೇಡಿ. ಫ್ಯಾನಿನ ಕೆಳಗಿನ ಸೀಟು ಬೇಕಿದ್ದರೆ ಒಂಬತ್ತಕ್ಕೇ ಹೋಗಿ, ಸೆಕೆ ಜಾಸ್ತಿ.