ಕೂತು ಕರೆಯುವುದಾ, ಹುಡುಕಿಕೊಂಡು ಹೋಗುವುದಾ?

ಹ್ಯಾಮ್ ರೇಡಿಯೋ ನನ್ನ ಹವ್ಯಾಸ. ದಾವಣಗೆರೆಯ ವಿದ್ಯಾನಗರದಲ್ಲಿ ನಮ್ಮ ಮನೆ. ಟೆರೇಸ್ ಮೇಲೆ 15 ಮೀಟರ್ ಬ್ಯಾಂಡಿನ (21 ಮೆಗಾಹರ್ಟ್ಸ್ ಸುತ್ತಿನ ತರಂಗಗಳ) ಡೈಪೋಲ್ ಆಂಟೆನಾ, ಅಂದರೆ ಸುಮಾರು 6.7 ಮೀಟರ್ ತಂತಿ. ರಿಗ್, ಅಂದರೆ ರೇಡಿಯೋ ಸೆಟ್, 100 ವ್ಯಾಟಿನದು. ಇಷ್ಟಕ್ಕೆ ಒಂದೇ ಕಡೆ ಕೂತು ಸಿಕ್ಯೂ (‘ಯಾರಾದರೂ ಬನ್ನಿ’ ಎಂಬ ಕರೆ) ಕರೆದರೆ ಯಾರು ಓಗೊಡುತ್ತಾರೆ ಅಂತ, ಹೆಚ್ಚು ಸ್ಟೇಷನ್ನುಗಳನ್ನು ಸಂಪರ್ಕಿಸಿ ಅಂಕ ಗಳಿಸುವ ಕಾಂಟೆಸ್ಟ್‌ಗಳಲ್ಲಿ ಸುಮ್ನೆ ಡಯಲ್ ತಿರುಗಿಸುತ್ತಾ, ಕೇಳಿಸಿದವರನ್ನು ಕರೆಯುತ್ತಾ ಇದ್ದೆ.

ಒಂದು ವರ್ಷ ಸಿಕ್ಯೂ ವರ್ಲ್ಡ್‌ವೈಡ್ ಎಸ್‌ಎಸ್‌ಬಿ (ಧ್ವನಿಯಲ್ಲಿ ಮಾತಾಡುವ) ಕಾಂಟೆಸ್ಟ್‌ನಲ್ಲಿ ಕೂತು ಕರೆಯುವುದು, ಹುಡುಕಿಕೊಂಡು ಹೋಗುವುದು ಎರಡನ್ನೂ ಹೋಲಿಸಿ ನೋಡಿದೆ. ಅಕ್ಟೋಬರ್ ಕೊನೆಯ ವಾರಾಂತ್ಯ, ನಮ್ಮ ಗಡಿಯಾರದಲ್ಲಿ ಶನಿವಾರ ಬೆಳಿಗ್ಗೆ 5:30ರಿಂದ 48 ಗಂಟೆ. ಎರಡೂ ದಿನ ಮಧ್ಯಾಹ್ನ 2ರಿಂದ 5, ಅದೇ ಬ್ಯಾಂಡ್, ಅದೇ ತಂತಿ.

ಶನಿವಾರ ಹುಡುಕಾಟ. ಮೂರು ಗಂಟೆಗೆ 54 ಸಂಪರ್ಕ. ದೊಡ್ಡ ಸ್ಟೇಷನ್ನುಗಳ ಮುಂದೆ ರೇಷನ್ ಅಂಗಡಿ ಹಾಗೆ ಸಾಲು. ಒಬ್ಬನಿಗಾಗಿ ಐದು ನಿಮಿಷ ಕಾದಿದ್ದೂ ಉಂಟು.

ಭಾನುವಾರ 21.300 ಮೆಗಾಹರ್ಟ್ಸ್‌ಗಿಂತ ಮೇಲೆ ಖಾಲಿ ಜಾಗ ಹುಡುಕಿ ಕೂತು ಕರೆಯತೊಡಗಿದೆ. ಮೊದಲ ಹತ್ತು ನಿಮಿಷ ಯಾರೂ ಇಲ್ಲ. ಎದ್ದು ಹೋಗೋಣ ಅನ್ನಿಸಿತ್ತು. ಆಮೇಲೆ ಒಬ್ಬ ಇಟಲಿಯವನು ಬಂದ. ಅವನೋ ಇನ್ಯಾರೋ ಕ್ಲಸ್ಟರ್‌ನಲ್ಲಿ (ಯಾರು ಎಲ್ಲಿ ಕೇಳಿಸುತ್ತಿದ್ದಾರೆ ಎಂದು ಹ್ಯಾಮ್‌ಗಳು ಹಂಚಿಕೊಳ್ಳುವ ಆನ್‌ಲೈನ್ ಪಟ್ಟಿ) ನನ್ನ ಕಾಲ್‌ಸೈನ್ (ಸ್ಟೇಷನ್ನಿನ ಗುರುತಿನ ಹೆಸರು) ಹಾಕಿರಬೇಕು, ಒಮ್ಮೆಗೇ ಮುಗಿಬಿದ್ದರು. ಮೂರು ಗಂಟೆಗೆ 161! ನನ್ನ ಸಿಗ್ನಲ್ ಜೋರಿತ್ತು ಅಂತಲ್ಲ. ಕಾಂಟೆಸ್ಟ್‌ನಲ್ಲಿ ನಾವು ಕೊಡುವುದು 22ನೇ ವಲಯ, ಅಂದರೆ ಜಗತ್ತನ್ನು ಹಂಚಿದ ಭಾಗಗಳಲ್ಲಿ ನಮ್ಮದರ ಸಂಖ್ಯೆ. ಯುರೋಪಿನವರಿಗೆ ಭಾರತದ ಸ್ಟೇಷನ್ನು ಸಿಗುವುದು ಅಪರೂಪ, ಸಿಕ್ಕರೆ ದೇಶ, ವಲಯ ಎರಡರ ಮಲ್ಟಿಪ್ಲಯರ್ (ಅಂಕಗಳನ್ನು ಗುಣಿಸುವ ಎಣಿಕೆ) ಕೂಡ ಬರಬಹುದು. ನಾವು ಅವರನ್ನು ಹುಡುಕುವುದಕ್ಕಿಂತ ಅವರೇ ನಮ್ಮನ್ನು ಹುಡುಕಿಕೊಂಡು ಬರುತ್ತಾರೆ. ಇದು ನನಗೆ ಇಷ್ಟು ವರ್ಷ ಹೊಳೆದೇ ಇರಲಿಲ್ಲ ನೋಡಿ.

ಗುಂಪು ನಿಭಾಯಿಸುವುದನ್ನೂ ಆವತ್ತೇ ಕಲಿತೆ. ಪೂರ್ತಿ ಕಾಲ್‌ಸೈನ್ ಸಿಗದಿದ್ದರೆ ‘ಮತ್ತೊಮ್ಮೆ’ ಅನ್ನಬಾರದು. ಎಲ್ಲರೂ ಮತ್ತೆ ಒಟ್ಟಿಗೆ ಕೂಗುತ್ತಾರೆ. ಕಿವಿಗೆ ಬಿದ್ದ ಎರಡು ಅಕ್ಷರ ಹೇಳಿ, ಅವನು ಬರುವ ತನಕ ಬೇರೆಯವರಿಗೆ ಉತ್ತರ ಕೊಡಬಾರದು. ಪ್ರತಿ ಎರಡು-ಮೂರು ಸಂಪರ್ಕಕ್ಕೊಮ್ಮೆ ನಮ್ಮ ಕಾಲ್‌ಸೈನ್ ಹೇಳಲೇಬೇಕು. ಸಿಕ್ಯೂ ಕರೆಯುವುದನ್ನು ಎನ್1ಎಂಎಂ ಲಾಗರ್ ಎಂಬ ಕಂಪ್ಯೂಟರ್ ತಂತ್ರಾಂಶದ ಎಫ್1 ಕೀಲಿಗೆ ರೆಕಾರ್ಡ್ ಮಾಡಿಟ್ಟಿದ್ದರಿಂದ ಗಂಟಲು ಉಳಿಯಿತು.

ಹಾಗಂತ ಹುಡುಕಾಟ ದಂಡ ಅಲ್ಲ. ಆ 54ರಲ್ಲಿ 31 ದೇಶ ಇದ್ದವು, 161ರಲ್ಲಿ 19 ಮಾತ್ರ. ಅಂಕಗಳ ಮೊತ್ತವನ್ನು ದೇಶ, ವಲಯಗಳ ಸಂಖ್ಯೆಯಿಂದ ಗುಣಿಸುವ ಆಟ ಇದು. ಆಫ್ರಿಕಾದ ಒಂದು ಹೊಸ ದೇಶಕ್ಕಾಗಿ ಐದು ನಿಮಿಷ ಕಾದರೂ ನಷ್ಟವಿಲ್ಲ. ಇನ್ನು ಬೆಳಿಗ್ಗೆ ಜಪಾನ್ ಕಡೆ ಬ್ಯಾಂಡ್ ತೆರೆದಾಗ (ಅಲ್ಲಿನ ಸಿಗ್ನಲ್ ಬರತೊಡಗಿದಾಗ) ರೇಟ್, ಅಂದರೆ ಗಂಟೆಗೆ ಆಗುವ ಸಂಪರ್ಕ, ಚೆನ್ನಾಗಿಯೇ ಏರುತ್ತದೆ. ಆದರೆ ಅವರೂ ಏಷ್ಯಾದವರೇ ಅಲ್ವಾ, ತಲಾ 1 ಅಂಕ. ಯುರೋಪಿನವರು ಸಿಕ್ಕರೆ 3.

ಈಗ ನಾನು ಮಧ್ಯಾಹ್ನದಿಂದ ಕೂತು ಕರೆಯುತ್ತೇನೆ. ಹತ್ತು ನಿಮಿಷದಲ್ಲಿ ಐವರೂ ಬಾರದಿದ್ದರೆ ಡಯಲ್ ತಿರುಗಿಸಲು ಶುರು. ಒಂದೇ ತೊಂದರೆ, ದೀಪಾವಳಿ ಹತ್ತಿರ ಬಂದರೆ ರೇಡಿಯೋದಲ್ಲಿ ಬೀದಿಯ ಸೀರಿಯಲ್ ಸೆಟ್‌ಗಳ ಗೊರಗೊರ. ನನ್ನನ್ನು ಕರೆಯುವ ಸಣ್ಣ ಸಿಗ್ನಲ್ಲೇ ಕೇಳಿಸದಿದ್ದರೆ ಕೂತು ಕರೆದು ಏನು ಬಂತು? ಈ ಸಲ ತಂತಿ, ಬ್ಯಾಟರಿ ಕಟ್ಟಿಕೊಂಡು ಭರಮಸಾಗರದ ಹತ್ತಿರದ ಗೆಳೆಯನ ತೋಟಕ್ಕೆ ಹೋಗುತ್ತಿದ್ದೇನೆ. ಪಂಪ್‌ಸೆಟ್ ಸ್ಟಾರ್ಟರ್‌ನ ಸದ್ದು ಎಷ್ಟಿರುತ್ತದೋ, ಅಲ್ಲಿ ಹೋದ ಮೇಲೆಯೇ ಗೊತ್ತಾಗಬೇಕು.